ಪೊಟರೆಯ ತಳದಲ್ಲಿ ಸಿಗದ ಊಟ

ಅಮೆರಿಕದ ಅರಿಜೋನಾದಿಂದ ಮೆಕ್ಸಿಕೊದವರೆಗೆ ಚಾಚಿಕೊಂಡ ಸೊನೊರಾ ಮರುಭೂಮಿಯಲ್ಲಿ ಎಲ್ಫ್ ಗೂಬೆಯ ಗೂಡು ನೋಡಲು ಕತ್ತೆತ್ತಬೇಕು. ಕಂಬದಂತೆ ನಿಂತ ಸಗ್ವಾರೊ ಕಳ್ಳಿಯಲ್ಲಿ ಮರಕುಟಿಕ ಕೊರೆದು ಬಿಟ್ಟುಹೋದ ಪೊಟರೆಯೇ ಅದರ ಮನೆ. ತೂಕ ಸುಮಾರು 40 ಗ್ರಾಂ, ನಮ್ಮ ಹಾಲಕ್ಕಿಯ ಅರ್ಧವೂ ಇಲ್ಲ. ಇಷ್ಟು ಪುಟ್ಟ ಹಕ್ಕಿ ಚೇಳು ಹಿಡಿಯುತ್ತದೆ!

ಮರಿಗಳು ಹಾರಿಹೋದ ಮೇಲೆ ಪೊಟರೆಯ ತಳ ಕೆರೆದರೆ ಜೀರುಂಡೆಯ ರೆಕ್ಕೆಚಿಪ್ಪು, ಮಿಡತೆಯ ಕಾಲು, ಚೇಳಿನ ತುಂಡು ಸಿಗುತ್ತವೆ. ನೇರಳಾತೀತ ದೀಪ ಹಿಡಿದರೆ ಚೇಳಿನ ಚಿಪ್ಪು ಹಸಿರಾಗಿ ಹೊಳೆಯುವುದರಿಂದ ಅದನ್ನು ಆರಿಸುವುದು ಸುಲಭ. ದಾರಿ ತಪ್ಪುವುದೂ ಇಲ್ಲೇ. ಕೆಲಸ ಕಲಿಯಲು ಬಂದವರಿಗೆ ನಾನು ಮೊದಲು ಹೇಳುವ ಮಾತು: ತಳದ ಕಸ ಎಣಿಸಿ ಊಟದ ಲೆಕ್ಕ ಬರೆಯಬೇಡಿ. ಗಟ್ಟಿ ಚಿಪ್ಪಿನದು ಉಳಿಯುತ್ತದೆ, ಮೆತ್ತನೆ ಮೈಯ ಪತಂಗ ಬಹುಪಾಲು ಹೊಟ್ಟೆಯಲ್ಲೇ ಕರಗಿಹೋಗುತ್ತದೆ. ಮುಸ್ಸಂಜೆ ದೂರದಲ್ಲಿ ಕೂತು ಪೊಟರೆಯ ಬಾಯಿಯನ್ನೇ ನೋಡಿ. ಎಷ್ಟೋ ಸಲ ಕೊಕ್ಕಿನಲ್ಲಿರುವುದು ಪತಂಗವೇ.

ತಂದುಕೊಡುವುದು ಗಂಡು. ಹೆಣ್ಣು ಸಾಮಾನ್ಯವಾಗಿ ಮೂರು ಮೊಟ್ಟೆಯಿಟ್ಟು ಸುಮಾರು 24 ದಿನ ಕಾವು ಕೂರುತ್ತದೆ. ಅಷ್ಟೂ ದಿನ ಅದರ ಊಟದ ಹೊಣೆ ಗಂಡಿನ ಮೇಲೆ. ಮರಿಯಾದ ಮೇಲೂ ಮೊದಮೊದಲು ಗಂಡು ಬೇಟೆಯಾಡುತ್ತದೆ, ಹೆಣ್ಣು ಹಂಚುತ್ತದೆ. ಮೇ-ಜೂನ್‌ನಲ್ಲಿ ಸಗ್ವಾರೊ ಹೂವು ರಾತ್ರಿ ಅರಳುತ್ತದೆ. ಹೂವಿಗೆ ಹುಳು ಬರುತ್ತದೆ, ಹುಳುವಿಗೆ ಗೂಬೆ. ಚೇಳು ಸಿಕ್ಕರೆ ಕೊಂಡಿಯನ್ನು ಕಿತ್ತೋ ಜಜ್ಜಿಯೋ ಆಮೇಲೆ ಮರಿಗೆ ಕೊಡುತ್ತದೆ. ಹಾಗಾಗಿ ತಳದಲ್ಲಿ ಚೇಳಿನ ಇಕ್ಕಳ ಸಿಕ್ಕಿ ಕೊಂಡಿ ಸಿಗದಿದ್ದರೆ ಗಾಬರಿಪಟ್ಟು ಹುಡುಕಬೇಕಿಲ್ಲ.

ಪತಂಗಕ್ಕಾಗಿ ನಾನು ಇಷ್ಟು ಹಟ ಹಿಡಿಯುವುದು ನೀರಿನ ಕಾರಣಕ್ಕೆ. ಜೂನ್‌ನಲ್ಲಿ ಅಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಮಳೆಗೆ ಸಾಮಾನ್ಯವಾಗಿ ಜುಲೈವರೆಗೆ ಕಾಯಬೇಕು. ಕಳ್ಳಿಯ ದಪ್ಪ ತಿರುಳು ಹಗಲಿನ ಕಾವನ್ನು ತಡೆದು ಪೊಟರೆಯನ್ನು ತಂಪಾಗಿಡುತ್ತದೆ, ನಿಜ. ಆದರೆ ಮರಿಗಳ ಬಾಯಿಗೆ ಬೀಳುವ ನೀರೆಲ್ಲ ಹುಳುವಿನ ಮೈಯೊಳಗಿನದು. ಪತಂಗವನ್ನು ಬಿಟ್ಟು ಬರೆದ ಪಟ್ಟಿಯಲ್ಲಿ ಆ ಮರಿಗಳು ಕುಡಿದ ನೀರಿನ ಒಂದು ಪಾಲು ಬಿಟ್ಟುಹೋಗಿರುತ್ತದೆ.

ಸುಮಾರು ನಾಲ್ಕು ವಾರ ದಾಟಿದ ಮೇಲೆ ಮರಿಗಳು ಪೊಟರೆಯ ಬಾಯಿಗೆ ಬಂದು ಇಣುಕತೊಡಗುತ್ತವೆ. ನಮ್ಮ ಪುಸ್ತಕದಲ್ಲಿ ಒಳ್ಳೆಯ ಬರಹ ಬೀಳುವುದು ಆ ಸಂಜೆಗಳಲ್ಲಿ: ಬಂದ ಹೊತ್ತು, ಕೊಕ್ಕಿನಲ್ಲಿದ್ದ ಹುಳು, ಮುಂದೆ ಬಾಯಿ ತೆರೆದ ಮರಿ.