ಸೈನಸ್ ಆಪರೇಷನ್‌ಗೆ ಸಿಟಿ ಸ್ಕ್ಯಾನ್ ಯಾಕೆ ಬಂತು?

ಕೋಲಾರದಲ್ಲಿ ಇಎನ್‌ಟಿ ಡಾಕ್ಟರ ಬಾಗಿಲಲ್ಲಿ ಉದ್ದನೆಯ ಕವರ್ ಹಿಡಿದು ಕೂತವರು ಯಾವಾಗಲೂ ಸಿಗುತ್ತಾರೆ. ಒಬ್ಬರು ಮಾಲೂರಿನ ಕಡೆಯವರು, ಇನ್ನೊಬ್ಬರು ಶ್ರೀನಿವಾಸಪುರದವರು. ಕವರ್ ಒಳಗೆ ‘ಸಿಟಿ ಪಿಎನ್‌ಎಸ್’ ಫಿಲ್ಮ್, ಅಂದರೆ ಮೂಗಿನ ಸುತ್ತಲಿನ ಗಾಳಿಗೂಡುಗಳಾದ ಸೈನಸ್‌ಗಳ ಸಿಟಿ ಸ್ಕ್ಯಾನ್ ಚಿತ್ರ. ದುರ್ಬೀನು ಹಾಕಿ ನೋಡಿ ಮಾಂಸ ಬೆಳೆದಿದೆ ಅಂದಮೇಲೆ ಸ್ಕ್ಯಾನ್‌ಗೆ ದುಡ್ಡು ಯಾಕೆ ಸುರಿಯಬೇಕು ಅನ್ನುವುದು ಅವರ ಪ್ರಶ್ನೆ. ನ್ಯಾಯವಾದದ್ದೇ. ಉತ್ತರಕ್ಕೆ ಈ ಆಪರೇಷನ್ ನಡೆದುಬಂದ ದಾರಿ ನೋಡಬೇಕು.

1890ರ ದಶಕದಲ್ಲಿ ಕಾಲ್ಡ್‌ವೆಲ್ ಮತ್ತು ಲುಕ್ ಎಂಬ ಸರ್ಜನ್‌ಗಳು ಮೇಲ್ತುಟಿಯ ಒಳಗಿನಿಂದ ಕುಯ್ದು, ಕೆನ್ನೆಯ ಸೈನಸ್‌ಗೆ ಕಿಂಡಿ ತೆಗೆಯುವ ದಾರಿ ತೋರಿಸಿದರು. 1895ರಲ್ಲಿ ಎಕ್ಸ್‌ರೇ ಬಂತು. ಆಮೇಲೆ ದಶಕಗಟ್ಟಲೆ ಗಲ್ಲ ಎತ್ತಿಸಿ ತೆಗೆದ ಎಕ್ಸ್‌ರೇಯೇ ಗತಿ. ಕೆನ್ನೆಯ ಸೈನಸ್‌ನಲ್ಲಿ ಕೀವು ತುಂಬಿದ್ದರೆ ಅದರಲ್ಲಿ ಕಾಣುತ್ತಿತ್ತು. ಎರಡು ಕಣ್ಣುಗಳ ನಡುವಿನ ಎತ್ಮಾಯ್ಡ್ ಗೂಡುಗಳು ಮಾತ್ರ ಒಂದರ ಮೇಲೊಂದು ಬಿದ್ದು ಮಸಿ ಬಳಿದ ಹಾಗೆ. ಅಪಾಯ ಇದ್ದದ್ದು ಅಲ್ಲೇ. ಎತ್ಮಾಯ್ಡ್ ಆಪರೇಷನ್ ಹೇಳಲು ಸುಲಭ, ರೋಗಿಯನ್ನು ಕೊಲ್ಲಲೂ ಅಷ್ಟೇ ಸುಲಭ ಅನ್ನುವ ಅರ್ಥದಲ್ಲಿ ಅಮೆರಿಕದ ಸರ್ಜನ್ ಮೋಷರ್ 1929ರಲ್ಲೇ ಎಚ್ಚರಿಸಿದ್ದರು.

ಆಸ್ಟ್ರಿಯಾದ ಗ್ರಾಜ್‌ನಲ್ಲಿ ಇಎನ್‌ಟಿ ಡಾಕ್ಟರ್ ಮೆಸ್ಸರ್‌ಕ್ಲಿಂಗರ್ ಎಂಡೋಸ್ಕೋಪ್, ಅಂದರೆ ದುರ್ಬೀನು ಹಿಡಿದು ಮೂಗಿನೊಳಗೆ ಕಫ ಹರಿಯುವ ದಾರಿಯನ್ನೇ ನೋಡುತ್ತಾ ಕೂತರು. ಅತ್ತ 1971ರಲ್ಲಿ ಇಂಗ್ಲೆಂಡಿನಲ್ಲಿ ಹೌನ್ಸ್‌ಫೀಲ್ಡ್ ಅವರ ಸಿಟಿ ಯಂತ್ರ ಮೊದಲ ರೋಗಿಯ ತಲೆಯ ಚಿತ್ರ ತೆಗೆಯಿತು. ಈ ಎರಡೂ ಜೊತೆಯಾದದ್ದು 1980ರ ದಶಕದಲ್ಲಿ. ಸರ್ಜನ್‌ಗಳಾದ ಸ್ಟಾಮ್‌ಬರ್ಗರ್, ಕೆನಡಿ ಎಂಡೋಸ್ಕೋಪಿಕ್ ಸರ್ಜರಿಯನ್ನು ಜಗತ್ತಿಗೆ ಹಂಚಿದರು. ರೇಡಿಯಾಲಜಿಸ್ಟ್ ಜಿನ್ರೈಕ್ ಅದಕ್ಕೆ ಬೇಕಾದ ಹಾಗೆ ಮುಖವನ್ನು ಎದುರಿನಿಂದ ಸೀಳಿದಂತೆ ತೋರಿಸುವ ಕೊರೊನಲ್ ಸ್ಕ್ಯಾನ್ ರೂಢಿಗೆ ತಂದರು.

ಆಗ ಆ ಚಿತ್ರಕ್ಕಾಗಿ ರೋಗಿ ಬೋರಲು ಮಲಗಿ ಕತ್ತು ಹಿಂದಕ್ಕೆ ಎತ್ತಬೇಕಿತ್ತು. ಕತ್ತು ನೋವಿನವರ ಪಾಡು ಕೇಳಬೇಡಿ. ಈಗ ಅಂಗಾತ ಮಲಗಿದರೆ ಸಾಕು, ಕಂಪ್ಯೂಟರ್ ಮೂರೂ ದಿಕ್ಕಿನ ಚಿತ್ರ ಕೂಡಿಸಿಕೊಡುತ್ತದೆ.

ಆ ಚಿತ್ರದಲ್ಲಿ ಸರ್ಜನ್ ಹುಡುಕುವುದು ರೋಗ ಒಂದನ್ನೇ ಅಲ್ಲ. ಮೊದಲು ಮೂಗಿನ ಚಾವಣಿ. ವಾಸನೆಯ ನರಗಳು ಇಳಿಯುವ ತಗ್ಗು ಎಷ್ಟು ಆಳ ಅನ್ನುವುದನ್ನು ಅಂಗರಚನಾ ತಜ್ಞ ಕೆರೋಸ್ 1962ರಲ್ಲೇ ಮೂರು ಬಗೆ ಮಾಡಿದ್ದರು: 1ರಿಂದ 3 ಮಿಲಿಮೀಟರ್, 4ರಿಂದ 7, 8ರಿಂದ 16. ತಗ್ಗು ಆಳವಾದಷ್ಟೂ ಅದರ ಪಕ್ಕದ ಗೋಡೆ ಜಾಸ್ತಿ ಬಯಲಾಗಿರುತ್ತದೆ. ತಲೆಬುರುಡೆಯ ತಳದಲ್ಲೇ ತೀರಾ ತೆಳು ಮೂಳೆ ಅದು. ಒಡೆದರೆ ಮಿದುಳಿನ ನೀರು ಮೂಗಿಗೆ ಸೋರುತ್ತದೆ. ಎಡ ಬಲ ಒಂದೇ ಮಟ್ಟ ಇರಬೇಕೆಂದೇನೂ ಇಲ್ಲ. ಪಕ್ಕಕ್ಕೆ ಕಣ್ಣಿನ ಗೋಡೆ, ಅದು ಕಾಗದದಷ್ಟು ತೆಳು. ಹಿಂದೆ ಓನೋಡಿ ಗೂಡು (ಹಿಂದಕ್ಕೆ ಚಾಚಿಕೊಂಡ ಎತ್ಮಾಯ್ಡ್‌ನ ಕಡೆಯ ಗೂಡು) ಇದ್ದರೆ ಕಣ್ಣಿನ ನರ ಅದರೊಳಗೇ ಹಾದಿರಬಹುದು. ಮೂಗಿನ ಹಿಂದೆ ಆಳದಲ್ಲಿರುವ ಸ್ಫೀನಾಯ್ಡ್ ಸೈನಸ್ ಒಳಗಿನ ಅಡ್ಡಗೋಡೆ ಕೆಲವರಲ್ಲಿ ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ರಕ್ತನಾಳದ ಮೇಲಿನ ಮೂಳೆಗೇ ಅಂಟಿರುತ್ತದೆ. ಅದನ್ನು ಹಿಡಿದು ತಿರುಚಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ತೊಡಕು ಇರುವುದು ಇಲ್ಲಿಂದ ಮುಂದೆ. ಎಷ್ಟೋ ರಿಪೋರ್ಟುಗಳು ‘ಸೈನಸೈಟಿಸ್ ಇದೆ, ಮೂಗಿನ ನಡುಗೋಡೆ ವಾಲಿದೆ’ ಅನ್ನುವಲ್ಲಿಗೆ ಮುಗಿಯುತ್ತವೆ. ಚಾವಣಿಯ ಆಳದ ಸುದ್ದಿ ಇರುವುದಿಲ್ಲ. ಬರೆಯುವವರಿಗೆ ಪುರುಸೊತ್ತಿಲ್ಲ, ಕೇಳುವವರೂ ಕಡಿಮೆ. ನಾಲ್ಕು ಸಾಲು ಜಾಸ್ತಿ ಬರೆದರೆ ಖರ್ಚೇನೂ ಏರುವುದಿಲ್ಲ. ರಿಪೋರ್ಟ್ ಎಷ್ಟೇ ಚೆನ್ನಾಗಿರಲಿ, ಆಪರೇಷನ್ ಮಾಡುವವರು ಚಿತ್ರವನ್ನು ತಾವೇ ಒಂದೊಂದು ಸ್ಲೈಸ್ ನೋಡಲೇಬೇಕು. ಅದಕ್ಕೆ ಫಿಲ್ಮ್ ಸಾಲದು. ಸಿ.ಡಿ. ಬೇಕು, ಅದನ್ನು ತೆರೆಯುವ ಕಂಪ್ಯೂಟರ್ ಥಿಯೇಟರ್‌ನಲ್ಲೂ ಇರಬೇಕು. ಉಪಕರಣದ ತುದಿ ಎಲ್ಲಿದೆ ಎಂದು ತೆರೆಯ ಮೇಲೆ ತೋರಿಸುವ ನ್ಯಾವಿಗೇಷನ್ ಯಂತ್ರವೂ ನಡೆಯುವುದು ಇದೇ ಸ್ಕ್ಯಾನ್ ಆಧಾರದ ಮೇಲೆ.

ನೆಗಡಿ ಜೋರಾಗಿದ್ದಾಗ ಸುಮ್ನೆ ಸ್ಕ್ಯಾನ್ ಮಾಡಿಸಿದರೆ ಆರೋಗ್ಯವಂತರ ಸೈನಸ್ಸೂ ಮಬ್ಬಾಗಿಯೇ ಕಾಣಬಹುದು. ಅದಕ್ಕೇ ಕಣ್ಣು ಊದುವಂಥ ತುರ್ತು ಇಲ್ಲದಿದ್ದರೆ ಮೊದಲು ಔಷಧಿ, ಮೂಗು ತೊಳೆಯುವುದು, ಆಮೇಲೆ ಸ್ಕ್ಯಾನ್. ಎರಡನೇ ಸಲ ಆಪರೇಷನ್ ಆಗುವುದಾದರೆ ಹಳೆಯ ಚಿತ್ರ ನಂಬಿಕೊಂಡು ಹೋಗುವಂತಿಲ್ಲ. ದಾರಿ ತೋರಿಸುವ ಮೂಳೆಗಳಲ್ಲಿ ಕೆಲವು ಮೊದಲ ಸಲವೇ ಹೋಗಿರುತ್ತವೆ.