ಎರಡೇ ಫಂಕ್ಷನ್‌ಗೆ ಬೇರೆ ಫೈಲ್ ಯಾಕೆ?

ಓದುಗರ ಪ್ರಶ್ನೆ: ಸರ್, ಹಳೇ ಲ್ಯಾಪ್‌ಟಾಪಿಗೆ ಡಿಡಬ್ಲ್ಯೂಎಂ ವಿಂಡೋ ಮ್ಯಾನೇಜರ್ (ತೆರೆಯ ಮೇಲಿನ ವಿಂಡೋಗಳನ್ನು ಜೋಡಿಸುವ ಪ್ರೋಗ್ರಾಮ್) ಹಾಕಿಕೊಂಡಿದ್ದೇನೆ. ಸಿ ಕಲಿಯೋಣ ಅಂತ ಅದರ ಕೋಡ್ ಓದುತ್ತಿದ್ದೇನೆ. ಡಿಡಬ್ಲ್ಯೂಎಂ.ಸಿ ಸುಮಾರು ಎರಡು ಸಾವಿರ ಸಾಲು ಇದೆ. ಪಕ್ಕದಲ್ಲಿ ಯುಟಿಲ್.ಸಿ ಅಂತ ಪುಟ್ಟ ಫೈಲ್, ಅದರಲ್ಲಿ ಇರೋದು ಎರಡೇ ಫಂಕ್ಷನ್. ಅವನ್ನೂ ದೊಡ್ಡ ಫೈಲಿಗೇ ಸೇರಿಸಿದ್ರೆ ಆಗ್ತಿರಲಿಲ್ವಾ? ಬಾರ್‌ನಲ್ಲಿ ಬ್ಯಾಟರಿ ತೋರಿಸೋಕೆ ನಾನೊಂದು ಫಂಕ್ಷನ್ ಬರೆದಿದ್ದೇನೆ. ಅದನ್ನು ಎಲ್ಲಿ ಇಡಲಿ? (ಡಿಪ್ಲೊಮಾ ವಿದ್ಯಾರ್ಥಿ, ಕೊಪ್ಪಳ)

ಆಗ್ತಿರಲಿಲ್ಲ. ಆ ಎರಡರಲ್ಲಿ ಒಂದು ಮೆಮೊರಿ ತರುತ್ತದೆ, ಇನ್ನೊಂದು ತಪ್ಪು ಏನೆಂದು ಹೇಳಿ ಪ್ರೋಗ್ರಾಮ್ ನಿಲ್ಲಿಸುತ್ತದೆ. ಅವನ್ನು ಕರೆಯುವುದು ದೊಡ್ಡ ಫೈಲ್ ಒಂದೇ ಅಲ್ಲವಲ್ಲ. ಮೇಲಿನ ಬಾರ್, ಅದರೊಳಗಿನ ಅಕ್ಷರ ಬಿಡಿಸುವ ಕೆಲಸ ಡಿಆರ್‌ಡಬ್ಲ್ಯೂ.ಸಿ ಎಂಬ ಇನ್ನೊಂದು ಫೈಲಿನದು. ಅದಕ್ಕೂ ಮೆಮೊರಿ ಬೇಕು. ಫಾಂಟ್ ಹೆಸರೇ ಕೊಡದಿದ್ದರೆ ಅದೂ ಒಂದು ಮಾತು ಹೇಳಿ ನಿಲ್ಲಬೇಕು. ಜೊತೆಗೆ ಈ ಡಿಆರ್‌ಡಬ್ಲ್ಯೂ.ಸಿ, ಯುಟಿಲ್.ಸಿ ಎರಡೂ ಡಿಮೆನು ಎಂಬ ಬೇರೆ ಪ್ರೋಗ್ರಾಮಿನಲ್ಲೂ ಇವೆ. ಅಲ್ಲಿ ಡಿಡಬ್ಲ್ಯೂಎಂ.ಸಿ ಇರುವುದೇ ಇಲ್ಲ.

ನಮ್ಮ ಬಳ್ಳಾರಿಯ ಜೀನ್ಸ್ ಕೆಲಸ ನೋಡಿದ್ದೀರಾ? ಹೊಲಿಯುವವರು ಓಣಿ ಓಣಿಯಲ್ಲಿದ್ದಾರೆ. ಹಾಗಂತ ಹೊಲಿಯುವ ಪ್ರತಿ ಮನೆಗೂ ಒಂದು ವಾಷಿಂಗ್ ಯೂನಿಟ್ ಇಲ್ಲ. ಹತ್ತು ಕಡೆ ಹೊಲಿದ ಮಾಲು ಒಂದೇ ಕಡೆ ತೊಳೆಯಲು ಹೋಗುತ್ತದೆ. ಅಲ್ಲಿ ಒಂದು ದಿನ ಬಣ್ಣ ಕೆಟ್ಟರೆ ಹತ್ತೂ ಜನರ ಮಾಲು ಕೆಟ್ಟಂತೆಯೇ. ಯುಟಿಲ್.ಸಿ ಅಂಥ ಜಾಗ.

ಹೆಡರ್ ಫೈಲಿನಲ್ಲೇ ಇಡೀ ಫಂಕ್ಷನ್ ಬರೆದುಬಿಟ್ಟರೆ? ಆ ಹೆಡರ್ ಎರಡು ಫೈಲಿಗೆ ಸೇರಿದಾಗ ಫಂಕ್ಷನ್ ಎರಡು ಸಲ ಹುಟ್ಟುತ್ತದೆ, ಕೊನೆಗೆ ಎಲ್ಲ ಫೈಲುಗಳನ್ನು ಜೋಡಿಸುವ ಲಿಂಕರ್ ಜಗಳಕ್ಕೆ ನಿಲ್ಲುತ್ತದೆ. ಅದಕ್ಕೇ ಯುಟಿಲ್.ಎಚ್‌ನಲ್ಲಿ ಫಂಕ್ಷನ್‌ಗಳ ಹೆಸರು ಮತ್ತು ಮ್ಯಾಕ್ಸ್, ಮಿನ್‌ನಂಥ ಸಣ್ಣ ಮ್ಯಾಕ್ರೋ ಅಷ್ಟೇ ಇವೆ. ಎರಡು ಸಂಖ್ಯೆಯಲ್ಲಿ ದೊಡ್ಡದನ್ನು ಕೊಡುವ ಮ್ಯಾಕ್ಸ್‌ಗೂ ಕೆಲಸ ಉಂಟು. ತೆರೆಯ ಮೇಲೆ ವಿಂಡೋ ಮೂಡಿಸುವ ಎಕ್ಸ್ ಸರ್ವರ್ ಸೊನ್ನೆ ಅಗಲದ ವಿಂಡೋ ಒಪ್ಪುವುದಿಲ್ಲ. ಹಾಗಾಗಿ ಅಗಲವನ್ನು 1ಕ್ಕಿಂತ ಕೆಳಗೆ ಇಳಿಯದಂತೆ ಅದು ಹಿಡಿದಿಡುತ್ತದೆ.

ಈಗ ಆ ಎರಡು ಫಂಕ್ಷನ್. ಒಂದರ ಹೆಸರು ಇಕ್ಯಾಲಾಕ್. ಮೆಮೊರಿ ಪಡೆದು ಅದಕ್ಕೆ ಸೊನ್ನೆ ತುಂಬಿ ಕೊಡುವ ಕ್ಯಾಲಾಕ್ ಅನ್ನು ಅದು ಕರೆಯುತ್ತದೆ, ಮೆಮೊರಿ ಸಿಗದಿದ್ದರೆ ಅಲ್ಲೇ ಪ್ರೋಗ್ರಾಮ್ ಮುಗಿಸುತ್ತದೆ. ಇದರ ಬೆಲೆ ನನಗೆ ಗೊತ್ತಾದದ್ದು ಪೆಟ್ಟು ತಿಂದ ಮೇಲೆ. ಸೊನ್ನೆ ತುಂಬುವುದು ಸುಮ್ನೆ ದಂಡ ಅಂದುಕೊಂಡು ಒಮ್ಮೆ ಅದರೊಳಗೆ ಕ್ಯಾಲಾಕ್ ತೆಗೆದು, ಸೊನ್ನೆ ತುಂಬದೆ ಕೊಡುವ ಮ್ಯಾಲಾಕ್ ಹಾಕಿದೆ. ಎರಡು ದಿನ ಏನೂ ಆಗಲಿಲ್ಲ. ಮೂರನೇ ದಿನ ಬ್ರೌಸರ್ ತೆರೆದು ಮುಚ್ಚಿ ಟರ್ಮಿನಲ್ ತೆರೆದರೆ, ಅದು ಮೌಸ್‌ನಿಂದ ಎಷ್ಟು ಎಳೆದರೂ ಜಗ್ಗಲಿಲ್ಲ! ಕಾರಣ ಇಷ್ಟೇ. ಹೊಸ ಮೆಮೊರಿ ಕರ್ನಲ್‌ನಿಂದ ಬರುವಾಗ ಸೊನ್ನೆಯಾಗಿಯೇ ಬರುತ್ತದೆ. ಮುಚ್ಚಿದ ವಿಂಡೋ ಬಿಟ್ಟ ಜಾಗವೇ ಮತ್ತೆ ಸಿಕ್ಕಾಗ ಅದರಲ್ಲಿ ಹಳೇ ಕಸ ಇರುತ್ತದೆ. ಹೊಸ ವಿಂಡೋ ಫುಲ್‌ಸ್ಕ್ರೀನ್ ಅಲ್ಲ ಎಂದು ಡಿಡಬ್ಲ್ಯೂಎಂ ಎಲ್ಲೂ ಬರೆದಿಡುವುದಿಲ್ಲ, ಸೊನ್ನೆ ಇದ್ದೇ ಇರುತ್ತದೆ ಎಂದು ನಂಬಿರುತ್ತದೆ. ಕಸ ಬಿದ್ದಾಗ ಅದನ್ನು ಫುಲ್‌ಸ್ಕ್ರೀನ್ ಅಂದುಕೊಂಡಿತು. ಫುಲ್‌ಸ್ಕ್ರೀನ್ ವಿಂಡೋವನ್ನು ಮೌಸ್‌ನಿಂದ ಸರಿಸಲು ಅದು ಬಿಡುವುದಿಲ್ಲ. ಒಂದು ಪದ ಬದಲಿಸಿದ್ದಕ್ಕೆ ಇಡೀ ಭಾನುವಾರ ಹೋಯ್ತು.

ಇನ್ನೊಂದು ಡೈ. ಹೆಸರೇ ಹೇಳುವಂತೆ ಸಾಯುವುದು ಅದರ ಕೆಲಸ. ಅದರಲ್ಲೊಂದು ಜಾಣತನ ಇದೆ. ನೀವು ಕೊಟ್ಟ ಮಾತಿನ ಕೊನೆಗೆ ಕೋಲನ್ ಇದ್ದರೆ, ಸಿಸ್ಟಂ ಕೊಟ್ಟ ಕಾರಣವನ್ನೂ ಮುಂದಕ್ಕೆ ಸೇರಿಸಿ ಮುದ್ರಿಸುತ್ತದೆ. ಇಲ್ಲದಿದ್ದರೆ ಇಲ್ಲ. ಕ್ಯಾಲಾಕ್ ಸೋತಾಗ ಕಾರಣ ಎರ್‌ನೋದಲ್ಲಿ (ಸಿಸ್ಟಂ ತಪ್ಪಿನ ಸಂಖ್ಯೆ ಬರೆದಿಡುವ ಜಾಗ) ಇರುತ್ತದೆ, ಅಲ್ಲಿ ಕೋಲನ್ ಹಾಕಿದ್ದಾರೆ. ಡಿಸ್‌ಪ್ಲೇ ತೆರೆಯದಿದ್ದಾಗ ಎರ್‌ನೋ ನಂಬುವಂತಿಲ್ಲ, ಅಲ್ಲಿ ಹಾಕಿಲ್ಲ. ಒಂದು ಕೋಲನ್ ಮೇಲೆ ಇಷ್ಟು ಭಾರ ಹೊರಿಸುವುದು ಅತಿಯಾಯ್ತು ಅನ್ನುವವರೂ ಇದ್ದಾರೆ. ನನಗಂತೂ ಇಷ್ಟ.

ಆದರೆ ಮೆಮೊರಿ ಸಿಗಲಿಲ್ಲ ಅಂತ ವಿಂಡೋ ಮ್ಯಾನೇಜರ್ ಸಾಯುವುದು ಸರಿಯಾ? ಎಕ್ಸ್ ಶುರುವಾದಾಗ ಓಡುವ ಎಕ್ಸಿನಿಟ್‌ಆರ್‌ಸಿ ಫೈಲಿನ ಕೊನೇ ಸಾಲಿನಲ್ಲಿ ಡಿಡಬ್ಲ್ಯೂಎಂ ಇದ್ದರೆ, ಅದು ಸತ್ತ ಕೂಡಲೇ ಎಕ್ಸ್ ಕೂಡ ಮುಚ್ಚುತ್ತದೆ. ಉಳಿಸದ ಫೈಲ್ ಎಲ್ಲ ಹೋದಂತೆ. ಇಷ್ಟಾದರೂ ಇಲ್ಲಿ ಅದೇ ಸರಿ ಅನ್ನುತ್ತೇನೆ. ಒಂದು ವಿಂಡೋಗೆ ಡಿಡಬ್ಲ್ಯೂಎಂ ಕೇಳುವುದು ಅರ್ಧ ಕೆಬಿಗಿಂತ ಕಡಿಮೆ. ಅದರಲ್ಲಿ 256 ಬೈಟ್ ಹೆಸರಿಗೇ ಹೋಗುತ್ತದೆ. ಅಷ್ಟೂ ಸಿಗದ ಸ್ಥಿತಿಯಲ್ಲಿ ಬೇರೆ ಏನು ತಾನೇ ನಡೆದೀತು? ಅಲ್ಲದೆ ಲಿನಕ್ಸ್ ಸಾಮಾನ್ಯವಾಗಿ ಕೇಳಿದ ಮೆಮೊರಿಗೆ ಇಲ್ಲ ಅನ್ನುವುದಿಲ್ಲ. ಕೊನೆಗೆ ನಿಜಕ್ಕೂ ಸಾಲದೆ ಬಂದಾಗ ಕರ್ನಲ್ ತಾನೇ ಯಾವುದೋ ಒಂದು ಪ್ರೋಗ್ರಾಮಿನ ಕುತ್ತಿಗೆ ಹಿಡಿಯುತ್ತದೆ.

ನಿಮ್ಮ ಬ್ಯಾಟರಿ ಫಂಕ್ಷನ್ ಯುಟಿಲ್.ಸಿಗೆ ಬೇಡ. ಕರೆಯುವುದು ಒಂದೇ ಕಡೆಯಿಂದ ತಾನೇ? ದೊಡ್ಡ ಫೈಲಿನಲ್ಲೇ ಸ್ಟ್ಯಾಟಿಕ್ (ಹೆಸರು ಆ ಫೈಲಿನ ಹೊರಗೆ ಕಾಣದಂತೆ ಮಾಡುವ ಪದ) ಹಾಕಿ ಇಡಿ. ಇನ್ನೂ ವಾಸಿ ಅಂದ್ರೆ ಅದನ್ನು ಬೇರೆ ಪ್ರೋಗ್ರಾಮ್ ಮಾಡಿ. ಎಲ್ಲಕ್ಕೂ ಹಿಂದಿರುವ ರೂಟ್ ವಿಂಡೋದ ಹೆಸರನ್ನು ಎಕ್ಸ್‌ಸೆಟ್‌ರೂಟ್ ಎಂಬ ಕಮಾಂಡಿನಿಂದ ಬದಲಿಸಿದರೆ ಡಿಡಬ್ಲ್ಯೂಎಂ ಅದನ್ನೇ ಬಾರ್‌ನ ಬಲಕ್ಕೆ ತೋರಿಸುತ್ತದೆ, ಒಳಗಿನ ಕೋಡ್ ಮುಟ್ಟುವ ಕೆಲಸವೇ ಇಲ್ಲ. ಎಲ್ಲೇ ಇಟ್ಟರೂ ಬ್ಯಾಟರಿ ಫೈಲ್ ತೆರೆಯದಿದ್ದರೆ ಡೈ ಕರೆಯಬೇಡಿ, ಸೊನ್ನೆ ತೋರಿಸಿ ಮುಂದೆ ಹೋಗಿ. ಹಳೇ ಲ್ಯಾಪ್‌ಟಾಪ್ ಅಂತೀರಿ. ಇವತ್ತಲ್ಲ ನಾಳೆ ಉಬ್ಬಿದ ಬ್ಯಾಟರಿ ಕಿತ್ತಿಟ್ಟು ಚಾರ್ಜರ್ ಮೇಲೆಯೇ ಓಡಿಸುತ್ತೀರಿ, ಆಗ ಆ ಫೈಲೇ ಇರುವುದಿಲ್ಲ.