‘ಯಾಕೆ’ ಅಂತ ಕೇಳಿದ್ರೆ ಪಂಚಾಯ್ತಿ ಉತ್ತರ ಕೊಡಲ್ವಾ?

ಹೊಸನಗರ ಕಡೆಯ ಓದುಗರೊಬ್ಬರು ಕೇಳಿದ್ದಾರೆ: “ನಮ್ಮ ಹಳ್ಳಕ್ಕೆ ಕಾಲುಸಂಕ (ನಡೆದು ದಾಟುವ ಸಣ್ಣ ಸೇತುವೆ) ಮಂಜೂರಾಗಿ ಎರಡು ಮಳೆಗಾಲ ಕಳೀತು. ಇನ್ನೂ ಅಡಿಕೆ ಮರ ಹಾಸಿಕೊಂಡೇ ದಾಟ್ತಿದೀವಿ. ಯಾಕೆ ಕಟ್ಟಿಲ್ಲ ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ‘ಮಾಹಿತಿ ಲಭ್ಯವಿಲ್ಲ’ ಅಂತ ಒಂದೇ ಸಾಲು ಬಂತು. ಇದು ಮೋಸ ಅಲ್ವಾ?”

ಮೋಸ ಅಲ್ಲ ಮಾರಾಯ್ರೆ. ನಿಮ್ಮ ಪ್ರಶ್ನೆಯೇ ತಪ್ಪು. ಈ ಮಾತನ್ನು ಎಷ್ಟನೇ ಸಲ ಬರೆಯುತ್ತಿದ್ದೇನೋ, ಲೆಕ್ಕ ತಪ್ಪಿದೆ.

ಆರ್‌ಟಿಐ, ಅಂದರೆ ಈ ಮಾಹಿತಿ ಹಕ್ಕು, ಅಧಿಕಾರಿಯನ್ನು ಕಟಕಟೆಗೆ ನಿಲ್ಲಿಸಿ ಪ್ರಶ್ನೆ ಕೇಳೋದು ಅಂತ ನಮ್ಮ ಕಡೆ ಎಲ್ಲರ ತಲೆಯಲ್ಲೂ ಕೂತಿದೆ. 2005ರ ಕಾಯ್ದೆ ಕೊಟ್ಟಿರುವುದು ಕಡತ ನೋಡುವ ಹಕ್ಕು. ಕಚೇರಿಯಲ್ಲಿ ಕಾಗದ ಇದ್ದರೆ ಕೊಡಬೇಕು. ಇಲ್ಲದ ಉತ್ತರವನ್ನು ಹೊಸದಾಗಿ ಬರೆದುಕೊಡುವ ಕೆಲಸ ಮಾಹಿತಿ ಅಧಿಕಾರಿಯದ್ದಲ್ಲ. ಸುಪ್ರೀಂ ಕೋರ್ಟ್ 2011ರಲ್ಲೇ ಇದನ್ನು ಬಿಡಿಸಿ ಹೇಳಿದೆ. ‘ಯಾಕೆ ಕಟ್ಟಿಲ್ಲ’ ಅನ್ನುವ ಹೆಸರಿನ ಕಾಗದ ಯಾವ ಪಂಚಾಯ್ತಿಯ ಬೀರುವಿನಲ್ಲೂ ಇರಲ್ಲ. ಹಾಗಾಗಿ ‘ಲಭ್ಯವಿಲ್ಲ’ ಅಂತ ಬರೆದವರು ಸುಳ್ಳು ಹೇಳಿಲ್ಲ. ನೀವೇ ಅವರಿಗೆ ಸುಲಭದ ದಾರಿ ಮಾಡಿಕೊಟ್ಟಿರಿ.

ಹಾಗಂತ ಕಾರಣ ಸಿಗೋದೇ ಇಲ್ಲ ಅಂತಲ್ಲ. ಅದು ಕಡತದ ಒಳಗೆ, ಬೇರೆ ಬೇರೆ ಹೆಸರಲ್ಲಿ ಕೂತಿರುತ್ತದೆ. ಹೆಸರು ಹಿಡಿದು ಕೇಳಿ: ಆ ವರ್ಷದ ಕ್ರಿಯಾ ಯೋಜನೆಯ ಪ್ರತಿ, ಕಾಮಗಾರಿಯ ಅಂದಾಜು ಪಟ್ಟಿ, ಕಡತದ ಟಿಪ್ಪಣಿ ಹಾಳೆ, ಅಳತೆ ಪುಸ್ತಕದ (ಆದ ಕೆಲಸವನ್ನು ಅಳೆದು ಬರೆದಿಡುವ ಪುಸ್ತಕ) ಪುಟ, ಬಿಲ್ಲು. ಅಧಿಕಾರಿಗಳು ಒಬ್ಬರಿಗೊಬ್ಬರು ಬರೆದುಕೊಂಡ ಅಭಿಪ್ರಾಯವೂ ಕಾಯ್ದೆಯ ಪ್ರಕಾರ ಮಾಹಿತಿಯೇ. ‘ಜಾಗದ ತಕರಾರಿದೆ’ ಅಂತಲೋ ‘ಅನುದಾನ ಬೇರೆಡೆಗೆ ಬದಲಾಯಿಸಿದೆ’ ಅಂತಲೋ ಬರೆದಿದ್ದರೆ ಟಿಪ್ಪಣಿ ಹಾಳೆಯಲ್ಲೇ ಇರುತ್ತದೆ.

ನಮ್ಮ ಪಕ್ಕದೂರಿನವರು ಹೀಗೇ ಅಳತೆ ಪುಸ್ತಕದ ಪ್ರತಿ ತರಿಸಿದರು. ಅದರಲ್ಲಿ ಸಂಕದ ಉದ್ದ 6 ಮೀಟರ್. ಟೇಪ್ ಹಿಡಿದು ಹೋಗಿ ಅಳೆದರೆ ದಡದಿಂದ ದಡಕ್ಕೆ ನಾಲ್ಕೂ ಇಲ್ಲ. ‘ಯಾಕೆ’ ಅಂತ ಅವರು ಕೇಳಲೇ ಇಲ್ಲ. ಆ ಪುಟವನ್ನು ಗ್ರಾಮಸಭೆಯಲ್ಲಿ ಓದಿದರು ಅಷ್ಟೆ.

ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಇದು ಕರ್ನಾಟಕದ ನಿಯಮ. ಶುಲ್ಕ 10 ರೂಪಾಯಿ, ಪ್ರತಿ ಪುಟಕ್ಕೆ 2 ರೂಪಾಯಿ. ಗ್ರಾಮ ಪಂಚಾಯ್ತಿಗಾದರೆ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಹೆಸರಿಗೆ ಬರೆಯಿರಿ. 30 ದಿನ ದಾಟಿದರೆ ಪ್ರತಿಗಳನ್ನು ಪುಕ್ಕಟೆ ಕೊಡಬೇಕು. ಅಷ್ಟಾದರೂ ಬಾರದಿದ್ದರೆ ಇನ್ನು 30 ದಿನದೊಳಗೆ ಮೇಲ್ಮನವಿ ಹಾಕಿ. ಹಾಂ, ‘ನಿಮಗೆ ಯಾಕ್ರೀ ಇದು’ ಅಂತ ಅವರೂ ಕೇಳುವಂತಿಲ್ಲ. ಆ ಮಟ್ಟಿಗೆ ಲೆಕ್ಕ ಸರಿಸಮ.

ಪಹಣಿಗೂ ಆರ್‌ಟಿಐ ಹಾಕುವವರಿದ್ದಾರೆ. ಸುಮ್ನೆ ದಂಡ. ಅದು ನಾಡಕಚೇರಿಯಲ್ಲೇ ಸಿಗುತ್ತದೆ. ಕಷ್ಟ ಇರೋದು ಅಜ್ಜನ ಕಾಲದ ದರಖಾಸ್ತು (ಸರ್ಕಾರಿ ಜಮೀನು ಮಂಜೂರಾತಿ) ಕಡತದ್ದು. ‘ನಮ್ಮಜ್ಜನ ಫೈಲ್ ಕೊಡಿ’ ಅಂತ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನ ಮುಂದೆ ನಿಂತರೆ ಯಾರೂ ಹುಡುಕಿಕೊಡಲ್ಲ. ಮೊದಲು ಹಳೇ ಪಹಣಿ ತೆಗೆಸಿ, ಅದರಲ್ಲಿ ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್, ಅಂದರೆ ಜಮೀನಿನ ಹಕ್ಕು ಬದಲಾದದ್ದನ್ನು ಬರೆಯುವ ಪುಸ್ತಕ) ನಂಬರ್ ಹುಡುಕಿ. ನಂಬರಿನ ಪಕ್ಕ ಗೀಟು ಹಾಕಿ ವರ್ಷ ಬರೆದಿರುತ್ತಾರೆ. ಯಾವ ಕಟ್ಟು ಬಿಚ್ಚಬೇಕು ಅಂತ ಗುಮಾಸ್ತರಿಗೆ ಗೊತ್ತಾಗೋದು ಆ ವರ್ಷದಿಂದ.